ಹಂಪಿಯ ಬಾಳೆತೋಟಕ್ಕೆ ನೀರು ಎಲ್ಲಿಂದ ಬರುತ್ತದೆ?

ಪ್ರಶ್ನೆ: ಡಿಸೆಂಬರ್ ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಹಂಪಿಗೆ ಹೋಗಿದ್ದೆವು. ಎಲ್ಲಿ ನೋಡಿದರೂ ಬೋಳು ಬಂಡೆ, ಮುರಿದ ಮಂಟಪ. ಆದರೆ ಕೃಷ್ಣ ದೇವಸ್ಥಾನದ ಆಸುಪಾಸಿನಲ್ಲಿ ಬಾಳೆ, ಕಬ್ಬು, ತೆಂಗು ಹಸಿರಾಗಿ ನಿಂತಿವೆ. ನಡುವೆ ಒಂದು ಕಾಲುವೆ ತುಂಬಿ ಹರಿಯುತ್ತಿತ್ತು. ಗೈಡ್ 'ಇದು ಕೃಷ್ಣದೇವರಾಯ ಕಟ್ಟಿಸಿದ ಕಾಲುವೆ' ಎಂದರು. ನಮ್ಮ ಯಜಮಾನರು 'ಅದೆಲ್ಲ ಸುಮ್ನೆ, ತುಂಗಭದ್ರಾ ಡ್ಯಾಮ್ ನೀರು ಅದು' ಎಂದರು. ಯಾರು ಸರಿ? ಅಷ್ಟು ದೊಡ್ಡ ಊರೇ ಹಾಳಾಗಿರುವಾಗ ಕಾಲುವೆ ಮಾತ್ರ ಹೇಗೆ ಉಳಿಯಿತು?

ಉತ್ತರ: ಇಬ್ಬರದ್ದೂ ಅರ್ಧ ಸರಿ, ಅರ್ಧ ತಪ್ಪು. ಗೈಡ್ ಮೇಲೆ ಸಿಟ್ಟು ಮಾಡಿಕೊಳ್ಳಬೇಡಿ. ಹಂಪಿಯಲ್ಲಿ ಯಾವ ಕಲ್ಲು ತೋರಿಸಿ 'ಕೃಷ್ಣದೇವರಾಯ' ಎಂದರೂ ಜನ ತಲೆಯಾಡಿಸುತ್ತಾರೆ. 'ಅವನಿಗಿಂತ ನೂರು ವರ್ಷ ಹಿಂದಿನದು' ಎಂದು ಶುರು ಮಾಡಿದರೆ ಅರ್ಧ ಜನ ಎಳನೀರಿನ ಅಂಗಡಿ ಕಡೆ ನಡೆದಿರುತ್ತಾರೆ.

ನೀವು ನೋಡಿದ್ದು ತುರ್ತು ಕಾಲುವೆ. ಊರವರ ಬಾಯಲ್ಲಿ ತುರ್ತಾ ನಾಲೆ ಅಂತಲೂ ಇದೆ. ವಿರೂಪಾಕ್ಷ ದೇವಸ್ಥಾನದ ಕಡೆಯ ಗುಡ್ಡಗಳಿಗೂ ಅರಮನೆಗಳಿದ್ದ ಕಡೆಗೂ ನಡುವೆ ಒಂದು ತಗ್ಗು ಇದೆಯಲ್ಲ, ಆ ತಗ್ಗಿನುದ್ದಕ್ಕೂ ಇದು ಹರಿಯುತ್ತದೆ. ಹಂಪಿಯ ನಕ್ಷೆಯಲ್ಲಿ ದೇವರ ಭಾಗ ಒಂದು ಕಡೆ, ಅರಸರ ಭಾಗ ಇನ್ನೊಂದು ಕಡೆ, ಮಧ್ಯದಲ್ಲಿ ಹೊಲಗದ್ದೆ. ರಾಜಧಾನಿಯ ಹೊಟ್ಟೆಯಲ್ಲೇ ಭತ್ತ ಬೆಳೆಯುತ್ತಿದ್ದರು. ಕೋಟೆಗೆ ಶತ್ರು ಮುತ್ತಿಗೆ ಹಾಕಿದಾಗ ಒಳಗೇ ಕಾಳು ಬೆಳೆಯುತ್ತಿದ್ದರೆ ಎಷ್ಟು ಧೈರ್ಯ, ಲೆಕ್ಕ ಹಾಕಿ.

ಈಗ ನೀರು ಬರುವ ಬಗೆ ಹೇಳುತ್ತೇನೆ. ನಾನು ನೀರಾವರಿ ಕೆಲಸದಲ್ಲೇ ಕೂದಲು ಬೆಳ್ಳಗೆ ಮಾಡಿಕೊಂಡವನು, ಹಾಗಾಗಿ ಈ ಭಾಗ ಸ್ವಲ್ಪ ಉದ್ದವಾದೀತು.

ಅಣೆಕಟ್ಟು ಎಂದ ತಕ್ಷಣ ನಮ್ಮ ಕಣ್ಣಿಗೆ ಬರುವುದು ಡ್ಯಾಮು: ಎತ್ತರದ ಗೋಡೆ, ಗೇಟು, ಹಿಂದೆ ಸಮುದ್ರದಂಥ ನೀರು. ಹಳೆಯ ಅಣೆ ಅಂಥದ್ದಲ್ಲ. ಅದು ನೀರನ್ನು ಕೂಡಿಡುವುದಿಲ್ಲ, ತಿರುಗಿಸುತ್ತದೆ ಅಷ್ಟೆ. ಹೊಸಪೇಟೆ ದಾಟಿದ ಮೇಲೆ ತುಂಗಭದ್ರೆ ಬಂಡೆಗಳ ಮಧ್ಯೆ ಸಿಕ್ಕಿಕೊಳ್ಳುತ್ತದೆ. ಒಂದೇ ಹೊಳೆಯಾಗಿ ಹರಿಯದೆ ಎರಡು ಮೂರು ಕವಲಾಗಿ, ನಡುಗಡ್ಡೆಗಳನ್ನು ಸುತ್ತಿಕೊಂಡು, ಮೆಟ್ಟಿಲಿಳಿದಂತೆ ಇಳಿಯುತ್ತದೆ. ಇದನ್ನು ಆ ಕಾಲದವರು ಚೆನ್ನಾಗಿ ನೋಡಿಕೊಂಡಿದ್ದರು. ಇಡೀ ಹೊಳೆಗೆ ಗೋಡೆ ಕಟ್ಟುವ ಗೊಡವೆಗೆ ಹೋಗಲಿಲ್ಲ. ದಡದ ಕಡೆಯ ಒಂದು ಕವಲನ್ನು ಹಿಡಿದರು. ನೀರಿನಲ್ಲಿ ಮೊದಲೇ ಬೇರು ಬಿಟ್ಟಂತೆ ನಿಂತಿರುವ ಬಂಡೆಯಿಂದ ಇನ್ನೊಂದು ಬಂಡೆಗೆ, ಅಲ್ಲಿಂದ ಮತ್ತೊಂದಕ್ಕೆ, ಸಂದು ಇದ್ದಲ್ಲಿ ಮಾತ್ರ ದೊಡ್ಡ ದೊಡ್ಡ ಕಲ್ಲು ಪೇರಿಸಿದರು. ಮೇಲಿನಿಂದ ನೋಡಿದರೆ ಈ ಅಣೆಗಳು ನೆಟ್ಟಗಿಲ್ಲ. ಹಾವು ಹರಿದ ಹಾಗೆ ಸೊಟ್ಟಪಟ್ಟ.

ನಾನು ಮೊದಲ ಸಲ ಅಂಥದ್ದೊಂದರ ಮೇಲೆ ನಡೆದಾಗ ಬೇಸಿಗೆ. ಹೊಳೆ ಇಳಿದಿತ್ತು. ನಮ್ಮ ಪುಸ್ತಕದ ಪ್ರಕಾರ ಅದು ಗೋಡೆಯೇ ಅಲ್ಲ. ಕಲ್ಲುಗಳ ಸಂದಿಯಲ್ಲಿ ನೀರು ಬಸಿಯುತ್ತಿತ್ತು. ಒಂದು ಕಡೆ ಕೈ ತೂರಿಸಿದರೆ ಮೊಣಕೈವರೆಗೂ ಹೋಯಿತು. 'ಇಷ್ಟು ಸೋರಿದರೆ ಹೇಗೆ?' ಎಂದು ಜೊತೆಯಲ್ಲಿದ್ದ ಮುದುಕರನ್ನು ಕೇಳಿದೆ. ಅವರು ನೀರುಗಂಟಿ, ಅಂದರೆ ಕಾಲುವೆ ನೀರನ್ನು ಗದ್ದೆಗಳಿಗೆ ಹಂಚುವ ಕೆಲಸದಲ್ಲೇ ಮುಪ್ಪಾದವರು. 'ಸೋರ್ತದೆ ಅಂತಲೇ ನಿಂತೈತಿ ಸ್ವಾಮಿ' ಎಂದರು. ಆಗ ನಗು ಬಂತು. ಮಳೆಗಾಲದಲ್ಲಿ ಅದೇ ಜಾಗಕ್ಕೆ ಹೋದಾಗ ನಗು ನಿಂತಿತು. ಅಣೆ ಎಲ್ಲಿದೆ ಎಂಬುದೇ ಕಾಣುತ್ತಿರಲಿಲ್ಲ. ಕೆಂಪು ನೀರು ಅದರ ತಲೆ ಮೇಲೆ ಎರಡಾಳೆತ್ತರ ಹೋಗುತ್ತಿತ್ತು. ಪ್ರವಾಹಕ್ಕೆ ಎದೆ ಕೊಟ್ಟು ನಿಂತಿದ್ದರೆ ಅದು ಯಾವತ್ತೋ ಕೊಚ್ಚಿ ಹೋಗುತ್ತಿತ್ತು. ನೀರು ಮೇಲೆ ಹಾದು, ಸಂದಿಯಲ್ಲಿ ತೂರಿ ಹೋಗುತ್ತದೆ. ಅದರ ಜೊತೆ ಹೂಳೂ ಮುಂದೆ ಹೋಗುತ್ತದೆ. ಒಂದೆರಡು ಕಲ್ಲು ಉರುಳಿದರೆ ಬೇಸಿಗೆಯಲ್ಲಿ ಮತ್ತೆ ಎತ್ತಿಡುತ್ತಾರೆ.

ಅಣೆ ಮೇಲೆತ್ತುವುದು ಸ್ವಲ್ಪವೇ ನೀರು. ಉಳಿದ ಕೆಲಸ ಇಳಿಜಾರಿನದ್ದು. ಹೊಳೆ ಬೇಗ ಬೇಗ ಇಳಿಯುತ್ತದೆ, ಕಾಲುವೆಯನ್ನು ನಿಧಾನವಾಗಿ ಇಳಿಸಬೇಕು. ಸಾವಿರ ಅಡಿ ಹೋದರೂ ಅರ್ಧ ಅಡಿ ಇಳಿಯಬಾರದು. ಹೀಗೆ ಗುಡ್ಡದ ಮಗ್ಗುಲು ಹಿಡಿದು ಹೋಗುತ್ತಾ ಹೋಗುತ್ತಾ ಹೊಳೆ ಕೆಳಗೆ ಉಳಿಯುತ್ತದೆ, ಕಾಲುವೆ ಮೇಲೆ ಉಳಿಯುತ್ತದೆ. ಇವೆರಡರ ನಡುವಿನ ನೆಲವೆಲ್ಲ ತರಿ, ಅಂದರೆ ನೀರು ಹಾಯುವ ಜಮೀನು. ಕಾಲುವೆಯ ಮೇಲ್ಮಗ್ಗುಲು ಖುಷ್ಕಿ, ಮಳೆಯನ್ನೇ ನಂಬಿದ ಒಣ ಜಮೀನು. ಹಂಪಿಯಲ್ಲಿ ನೀವು ಕಾಲುವೆಯ ಏರಿ ಮೇಲೆ ನಿಂತು ಒಂದು ಸಲ ಎಡಕ್ಕೆ, ಒಂದು ಸಲ ಬಲಕ್ಕೆ ನೋಡಿ. ಒಂದು ಕಡೆ ಬಾಳೆ ಎಲೆ, ಇನ್ನೊಂದು ಕಡೆ ಜಾಲಿ ಮುಳ್ಳು. ನಡುವೆ ಇರುವುದು ಹತ್ತು ಹೆಜ್ಜೆ. ಪಂಪಿಲ್ಲ, ಕರೆಂಟಿಲ್ಲ. ಈ ಹೊಂಡ-ದಿಣ್ಣೆಯ ಬಂಡೆಗಾಡಿನಲ್ಲಿ ಇಂಥ ಮಟ್ಟ ಹಿಡಿದವರ ಹೆಸರು ಮಾತ್ರ ನಮಗೆ ಗೊತ್ತಿಲ್ಲ. ಕಟ್ಟಿಸಿದವರ ಹೆಸರು ಗೊತ್ತು, ಕಟ್ಟಿದವರದ್ದು ಗೊತ್ತಿಲ್ಲ. ಇದು ಹಳೇ ರೋಗ, ಬಿಡಿ.

ಈಗ ವಯಸ್ಸಿನ ವಿಷಯ. ಕಾಲುವೆಯ ವಯಸ್ಸು ಹೇಳುವುದು ದೇವಸ್ಥಾನದ ವಯಸ್ಸು ಹೇಳಿದಷ್ಟು ಸುಲಭವಲ್ಲ. ಪ್ರತಿ ವರ್ಷ ಕೆರೆದು, ಅಗೆದು, ಕಲ್ಲು ಬದಲಿಸುವ ವಸ್ತು ಅದು. ನಮಗೆ ಇರುವ ಒಳ್ಳೆಯ ಆಧಾರ ಒಬ್ಬ ಪೋರ್ಚುಗೀಸ್ ಕುದುರೆ ವ್ಯಾಪಾರಿಯ ಬರಹ. ಫರ್ನಾವೊ ನೂನಿಜ್ ಎಂದು ಹೆಸರು. 1535ರ ಸುಮಾರಿಗೆ ವಿಜಯನಗರದಲ್ಲಿದ್ದ. ತನಗಿಂತ ನೂರು ವರ್ಷ ಹಿಂದಿನ ಒಬ್ಬ ಅರಸನ ಕಥೆಯನ್ನು ಅವನು ಕೇಳಿ ಬರೆದಿದ್ದಾನೆ. ಆ ಅರಸನಿಗೆ ಹೊಳೆಯ ನೀರನ್ನು ಊರೊಳಗೆ ತರಬೇಕೆಂಬ ಹಟ. ಎಷ್ಟು ಕಲ್ಲು ಹಾಕಿದರೂ ಹೊಳೆ ಬಗ್ಗಲಿಲ್ಲ. ಕೊನೆಗೆ ಆನೆಗಳಿಂದ ಎಳೆಸಿ ತಂದ ಒಂದೇ ಒಂದು ಭಾರೀ ಬಂಡೆಯನ್ನು ಬೀಳಿಸಿದರಂತೆ, ಹೊಳೆ ಅರಸ ಹೇಳಿದ ಮಾತು ಕೇಳಿತಂತೆ. ತನ್ನ ತಂದೆ ಕೂಡಿಟ್ಟ ಹಣವನ್ನೆಲ್ಲ ಇದಕ್ಕೇ ಸುರಿದನಂತೆ. ನೀರು ಬಂದ ಮೇಲೆ ಊರ ಸುತ್ತ ತೋಟಗಳೆದ್ದವು, ನಿಂಬೆ, ಕಿತ್ತಳೆ, ಗುಲಾಬಿ ಬೆಳೆದವು, ವರ್ಷದ ಆದಾಯ ಮೂರೂವರೆ ಲಕ್ಷ ವರಹದಷ್ಟು ಏರಿತು ಎಂದು ನೂನಿಜ್ ಲೆಕ್ಕ ಕೊಡುತ್ತಾನೆ.

ಆನೆ ಎಳೆದ ಬಂಡೆಯ ಕಥೆ ಬೇಕಾದರೆ ನಂಬಿ, ಇಲ್ಲವಾದರೆ ಬಿಡಿ. ಆದರೆ ಅದರಲ್ಲಿ ಒಂದು ನಿಜ ಅಡಗಿದೆ. ಆ ಸೊಟ್ಟ ಅಣೆಯಲ್ಲಿ ಕೊನೆಯ ಸಂದು ಮುಚ್ಚುವುದೇ ನಿಜವಾದ ಕಷ್ಟ. ಬೇರೆಲ್ಲ ಕಡೆ ಮುಚ್ಚಿದಾಗ ಹೊಳೆಯ ಸೆಳೆತ ಪೂರ್ತಿ ಆ ಒಂದು ಸಂದಿಗೇ ನುಗ್ಗುತ್ತದೆ. ಸಣ್ಣ ಕಲ್ಲು ಹಾಕಿದರೆ ನಿಲ್ಲುವುದಿಲ್ಲ. ಇವತ್ತಿಗೂ ಕೆಲಸ ಮಾಡುವವರು ಅದನ್ನೇ ಹೇಳುತ್ತಾರೆ. ಯಾರೋ ಕಣ್ಣಾರೆ ಕಂಡದ್ದು ನೂರು ವರ್ಷ ಬಾಯಿಂದ ಬಾಯಿಗೆ ಬಂದು, ನೂನಿಜ್‌ನ ಕಿವಿಗೆ ಬೀಳುವಾಗ ಕಥೆಯಾಗಿತ್ತು ಎಂದು ನನ್ನ ಅನಿಸಿಕೆ.

ನೂನಿಜ್ ಹೇಳುವ ಆ ಅರಸನನ್ನು ಇತಿಹಾಸಕಾರರು ಸಾಮಾನ್ಯವಾಗಿ ಒಂದನೆಯ ದೇವರಾಯ ಎಂದು ಗುರುತಿಸುತ್ತಾರೆ. ಅವನು ಆಳಿದ್ದು 1406ರಿಂದ 1422ರವರೆಗೆ. ಆ ನೀರು ಬಂದದ್ದು ಇದೇ ತುರ್ತು ಕಾಲುವೆಯಲ್ಲಿ ಎಂಬುದು ಹೆಚ್ಚಿನವರ ಅಭಿಪ್ರಾಯ. ಶಾಸನಗಳಲ್ಲಿ ಬರುವ 'ಹಿರಿಯ ಕಾಲುವೆ' ಕೂಡ ಇದೇ ಎಂದು ಕೆಲವರು ಹೇಳುತ್ತಾರೆ. 1443ರಲ್ಲಿ ಪರ್ಷಿಯಾದಿಂದ ಬಂದ ಅಬ್ದುಲ್ ರಜಾಕ್ ಅರಮನೆಯ ಹತ್ತಿರ ನುಣ್ಣಗೆ ಕೆತ್ತಿದ ಕಲ್ಲಿನ ಕಾಲುವೆಗಳಲ್ಲಿ ನೀರು ಹರಿಯುವುದನ್ನು ನೋಡಿ ಬರೆದಿದ್ದಾನೆ. ಕೃಷ್ಣದೇವರಾಯ ಪಟ್ಟಕ್ಕೆ ಬಂದದ್ದು 1509ರಲ್ಲಿ. ಅಂದರೆ ಅವನು ಹುಟ್ಟುವ ಮೊದಲೇ ಹಂಪಿಗೆ ನೀರು ಬಂದಿತ್ತು. 1515ರಲ್ಲಿ ಕೃಷ್ಣ ದೇವಸ್ಥಾನ ಕಟ್ಟಿಸುವಾಗ ಪಕ್ಕದ ತಗ್ಗು ಆಗಲೇ ಗದ್ದೆಯಾಗಿತ್ತು ಎಂದುಕೊಳ್ಳಬಹುದು.

ಹಾಗಂತ ಅವನಿಗೆ ಪಾಲೇ ಇಲ್ಲ ಎಂದಲ್ಲ. ಬಸವಣ್ಣ ಕಾಲುವೆ ಅವನ ಕಾಲದ್ದು. ವಲ್ಲಭಾಪುರದ ಅಣೆ, ಅದರಿಂದ ಹೊರಟ ಈ ಕಾಲುವೆ 1521ರವು ಎಂದು ಹಳೆಯ ಬಳ್ಳಾರಿ ಗ್ಯಾಸೆಟಿಯರ್ ಕಾಲದಿಂದಲೂ ದಾಖಲಾಗಿದೆ. ಹೊಸಪೇಟೆಯ ಆಚೆ ಒಂದು ದೊಡ್ಡ ಕೆರೆ ಕಟ್ಟಿಸಿದವನೂ ಅವನೇ. ಆ ಕೆಲಸ ನಡೆಯುತ್ತಿದ್ದಾಗ ಪಾಯೆಸ್ ಎಂಬ ಇನ್ನೊಬ್ಬ ಪೋರ್ಚುಗೀಸ ಅಲ್ಲಿಗೆ ಹೋಗಿದ್ದ. ಹದಿನೈದು ಇಪ್ಪತ್ತು ಸಾವಿರ ಜನ ಇರುವೆಗಳ ಹಾಗೆ ಮುತ್ತಿಕೊಂಡಿದ್ದರು, ಕಾಲಿಡುವ ನೆಲ ಕಾಣುತ್ತಿರಲಿಲ್ಲ ಎನ್ನುತ್ತಾನೆ. ಏರಿ ಎರಡು ಮೂರು ಸಲ ಒಡೆಯಿತಂತೆ. ಕೊನೆಗೆ ಬಲಿ ಕೊಟ್ಟರು ಎಂದೂ ಬರೆದಿದ್ದಾನೆ, ಬರೀ ಕೋಣ ಕುದುರೆ ಅಲ್ಲ, ಮನುಷ್ಯರನ್ನೂ. ಆ ಕೆರೆ ಇವತ್ತು ಕೆರೆಯಾಗಿ ಉಳಿದಿಲ್ಲ.

ತುರ್ತು ಒಂದೇ ಅಲ್ಲ, ಇಂಥ ಕಾಲುವೆಗಳ ದೊಡ್ಡ ಸಂಸಾರವೇ ಇದೆ. ಬಲದಂಡೆಯಲ್ಲಿ ರಾಯ, ಬಸವಣ್ಣ, ಬೆಲ್ಲ, ತುರ್ತು, ರಾಮಸಾಗರ, ಕಂಪ್ಲಿ, ಸಿರುಗುಪ್ಪ, ದೇಶನೂರು. ಎಡದಂಡೆಯಲ್ಲಿ ಕೊರಗಲ್, ಹುಲಿಗಿ, ಶಿವಪುರ, ಆನೆಗೊಂದಿ, ಗಂಗಾವತಿಯ ಮೇಲಿನ ಕಾಲುವೆ, ಕೆಳಗಿನ ಕಾಲುವೆ, ಕೆಳಗೆ ರಾಯಚೂರಿನ ಕಡೆ ಬಿಚಾಲಿ. ಎಲ್ಲ ಸೇರಿ ಸುಮಾರು ಮೂವತ್ತು ಸಾವಿರ ಎಕರೆಗೆ ನೀರು ಕೊಡುತ್ತವೆ. ಇವುಗಳ ಕೆಳಗಿನ ಗದ್ದೆ ಬಯಲಿಗೆ ಆ ಸೀಮೆಯಲ್ಲಿ ಮಾಗಾಣಿ ಎನ್ನುತ್ತಾರೆ. 'ಅವರದ್ದು ಮಾಗಾಣಿ ಜಮೀನು' ಎಂದರೆ ಹೆಣ್ಣು ಕೊಡುವವರು ಕುರ್ಚಿ ಎಳೆದುಕೊಂಡು ಕೂರುತ್ತಾರೆ.

ಇನ್ನು ನಿಮ್ಮ ನಿಜವಾದ ಪ್ರಶ್ನೆ: ಊರು ಹಾಳಾಯಿತು, ಕಾಲುವೆ ಯಾಕೆ ಉಳಿಯಿತು?

1565ರ ತಾಳಿಕೋಟೆ ಯುದ್ಧದ ನಂತರ ರಾಜಧಾನಿ ಬರಿದಾಯಿತು. ಅರಸರು ಪೆನುಕೊಂಡೆಗೆ ಹೋದರು. ವ್ಯಾಪಾರಿಗಳು, ಸೈನಿಕರು, ಶಿಲ್ಪಿಗಳು ಚದುರಿದರು. ಹಂಪಿಯಲ್ಲಿ ನೀರಿನ ವ್ಯವಸ್ಥೆ ಒಂದಲ್ಲ, ಎರಡು ಇದ್ದವು ಎಂಬುದನ್ನು ಇಲ್ಲಿ ಗಮನಿಸಬೇಕು. ಮಹಾನವಮಿ ದಿಬ್ಬದ ಹತ್ತಿರ ಕಪ್ಪು ಕಲ್ಲಿನ ಮೆಟ್ಟಿಲು ಬಾವಿಯಂಥ ಪುಷ್ಕರಣಿ ನೋಡಿರುತ್ತೀರಿ. ಅದಕ್ಕೆ ನೀರು ತರುತ್ತಿದ್ದ ಕಲ್ಲಿನ ದೋಣಿ ಕಂಬಗಳ ಮೇಲೆ ಇವತ್ತಿಗೂ ನಿಂತಿದೆ. ಎಷ್ಟು ಅಚ್ಚುಕಟ್ಟು ಅದು! ಒಂದು ದೋಣಿಯ ತುದಿ ಮುಂದಿನದ್ದರ ಬಾಯಿಗೆ ಸರಿಯಾಗಿ ಕೂರುತ್ತದೆ. ಆದರೆ ಒಣಗಿ ನಾನೂರು ವರ್ಷಕ್ಕೂ ಜಾಸ್ತಿ ಆಯಿತು. ಆ ಪುಷ್ಕರಣಿಯೇ ಮಣ್ಣಿನಲ್ಲಿ ಹೂತು ಹೋಗಿತ್ತು, 1980ರ ದಶಕದಲ್ಲಿ ಅಗೆದು ತೆಗೆದರು. ಹೊಳೆಯಾಚೆ ವಿರೂಪಾಪುರ ಗಡ್ಡೆಯ ಹತ್ತಿರ ಕಲ್ಲುಕಂಬಗಳ ಮೇಲ್ಗಾಲುವೆ ಇದೆ, ಬುಕ್ಕನ ಹೆಸರು ಹೇಳುತ್ತಾರೆ. ಅದರಲ್ಲೂ ನೀರಿಲ್ಲ.

ಅದೇ ಸೊಟ್ಟ ಅಣೆ, ಮಣ್ಣಿನ ಏರಿಯ ತುರ್ತು ಕಾಲುವೆಯಲ್ಲಿ ನೀರಿದೆ. ಅರಮನೆಯ ನೀರಿಗೆ ಅರಮನೆ ಬೇಕಿತ್ತು. ಸಂಬಳದ ಆಳು, ಮೇಲ್ವಿಚಾರಣೆ ಮಾಡುವ ಅಧಿಕಾರಿ, ಸ್ನಾನ ಮಾಡುವ ರಾಣಿ ಎಲ್ಲರೂ ಬೇಕಿತ್ತು. ಅವರು ಹೋದ ಮರುದಿನವೇ ಅದು ಸತ್ತಿತು. ಗದ್ದೆಯ ನೀರಿಗೆ ಬೇಕಿದ್ದದ್ದು ಗುದ್ದಲಿ ಹಿಡಿದ ರೈತ. ಅವನು ಎಲ್ಲಿಗೂ ಹೋಗಲಿಲ್ಲ, ಹೋದರೂ ವಾಪಸು ಬಂದ. ನೀರಿಲ್ಲದ ವರ್ಷ ಅವನ ಮನೆಯಲ್ಲಿ ಒಲೆ ಉರಿಯುವುದಿಲ್ಲವಲ್ಲ. ಆಮೇಲೆ ಬಿಜಾಪುರದವರು ಬಂದರು, ಮರಾಠರು ಬಂದರು, ಹೈದರ್, ಟಿಪ್ಪು, ನಿಜಾಮ, 1800ರಲ್ಲಿ ಕಂಪನಿ ಸರ್ಕಾರ. ಯಾರೇ ಬರಲಿ, ತರಿ ಜಮೀನಿನ ಕಂದಾಯ ಎಲ್ಲರಿಗೂ ಬೇಕಿತ್ತು. ದೇವಸ್ಥಾನ ಒಡೆದರೆ ನಿಧಿ ಸಿಕ್ಕೀತು ಎಂಬ ಆಸೆ ಇರಬಹುದು. ಅಣೆ ಒಡೆದರೆ ಯಾರಿಗೂ ಏನೂ ಸಿಗುವುದಿಲ್ಲ.

ದುರಸ್ತಿಯ ಖರ್ಚು ಯಾರದ್ದು ಎಂಬ ಪ್ರಶ್ನೆ ಆ ಕಾಲದಲ್ಲೂ ಇತ್ತು. ಇದಕ್ಕೆ ಹಂಪಿಗಿಂತ ಒಳ್ಳೆಯ ಉದಾಹರಣೆ ಹರಿಹರದಲ್ಲಿದೆ. ಅಲ್ಲಿನ 1410ರ ಶಾಸನ ಹರಿದ್ರಾ ಹೊಳೆಗೆ ಅಣೆ ಕಟ್ಟಿ, ಹರಿಹರೇಶ್ವರ ದೇವರ ಜಮೀನಿನಲ್ಲಿ ಕಾಲುವೆ ತಂದ ವಿಷಯ ಹೇಳುತ್ತದೆ. ದುಡ್ಡು ಹಾಕಿ ಕೆಲಸ ಮಾಡಿಸಿದವರು ಊರ ಬ್ರಾಹ್ಮಣರು, ನೆಲ ದೇವರದ್ದು. ನೀರು ಬಿದ್ದ ಜಮೀನಿನಲ್ಲಿ ಎರಡು ಪಾಲು ದೇವರಿಗೆ, ಒಂದು ಪಾಲು ಬ್ರಾಹ್ಮಣರಿಗೆ ಎಂದು ಒಪ್ಪಂದ. ಮುಂದೆ ಖರ್ಚು ಬಂದರೂ ಅದೇ ಲೆಕ್ಕ, ದೇವಸ್ಥಾನ ಎರಡು ಪಾಲು, ಅವರು ಒಂದು ಪಾಲು. ಈಗಿನ ಕರಾರು ಪತ್ರಕ್ಕೇನು ಕಡಿಮೆ ಹೇಳಿ! ಇಷ್ಟೆಲ್ಲ ಬರೆದುಕೊಂಡರೂ ಅಣೆ ಒಡೆಯಿತು. 1424ರ ಇನ್ನೊಂದು ಶಾಸನದಲ್ಲಿ ಚಾಮನೃಪಾಲ ಎಂಬುವನು ಅದನ್ನು ಮತ್ತೆ ಕಟ್ಟಿಸಿದ ವಿಷಯ ಇದೆ. ಹದಿನಾಲ್ಕೇ ವರ್ಷದಲ್ಲಿ ರಿಪೇರಿ! ಹಿಂದಿನವರು ಕಟ್ಟಿದ್ದು ಒಡೆಯುತ್ತಲೇ ಇರಲಿಲ್ಲ ಎಂದು ಯಾರಾದರೂ ಹೇಳಿದರೆ ನಾನು ಈ ಎರಡು ಕಲ್ಲುಗಳ ಕಥೆ ಹೇಳುತ್ತೇನೆ.

ಬ್ರಿಟಿಷರ ಕಾಲದಲ್ಲಿ ಒಂದು ತಮಾಷೆ ಆಯಿತು. ಹೊಳೆಯೇ ಗಡಿ. ಬಲದಂಡೆಯ ಹೊಸಪೇಟೆ, ಕಂಪ್ಲಿ ಮದ್ರಾಸಿಗೆ. ಎಡದಂಡೆಯ ಆನೆಗೊಂದಿ, ಗಂಗಾವತಿ ಹೈದರಾಬಾದ್ ನಿಜಾಮನಿಗೆ. ಒಂದೇ ಹೊಳೆ, ಒಂದೇ ಥರದ ಅಣೆಗಳು, ದಫ್ತರ ಮಾತ್ರ ಬೇರೆ ಬೇರೆ. ಈ ದಂಡೆಯವರು ಇಂಗ್ಲಿಷಿನಲ್ಲಿ ಅರ್ಜಿ ಬರೆಸುತ್ತಿದ್ದರು, ಆ ದಂಡೆಯವರು ಉರ್ದುವಿನಲ್ಲಿ. 1953ರಲ್ಲಿ ಬಳ್ಳಾರಿ ಕಡೆಯದು ಮೈಸೂರಿಗೆ ಸೇರಿತು, 1956ರಲ್ಲಿ ಆಚೆ ದಂಡೆಯೂ ಬಂತು. ಆಮೇಲೆ ಎರಡೂ ಒಂದೇ ರಾಜ್ಯ.

ಈಗ ನಿಮ್ಮ ಯಜಮಾನರ ಮಾತಿಗೆ ಬರೋಣ. ತುಂಗಭದ್ರೆಗೆ ದೊಡ್ಡ ಡ್ಯಾಮ್ ಕಟ್ಟುವ ಯೋಚನೆ 1860ರಷ್ಟು ಹಳೆಯದು, ಆರ್ಥರ್ ಕಾಟನ್ ಎಂಬ ಎಂಜಿನಿಯರ್‌ದು. 1876-78ರ ದೊಡ್ಡ ಬರದಲ್ಲಿ ಬಳ್ಳಾರಿ ಸೀಮೆ ಜನ ಹುಳುಗಳ ಹಾಗೆ ಸತ್ತರು. ಆದರೂ ಮದ್ರಾಸಿಗೂ ಹೈದರಾಬಾದಿಗೂ ಒಪ್ಪಂದ ಆಗುವ ಹೊತ್ತಿಗೆ 1944 ಬಂತು. 1945ರಲ್ಲಿ ಅಡಿಗಲ್ಲು, 1953ರಲ್ಲಿ ನೀರು. ಡ್ಯಾಮಿಗೆ 33 ಗೇಟು. ಮೂವತ್ತು ಸಾವಿರ ಎಕರೆ ಎಲ್ಲಿ, ಅದು ತಣಿಸುವ ಲಕ್ಷಾಂತರ ಎಕರೆ ಎಲ್ಲಿ. ಹಳೆಯದನ್ನು ಹೊಗಳುವ ಭರದಲ್ಲಿ ಇದನ್ನು ಮರೆಯಬಾರದು.

ಡ್ಯಾಮ್ ಬಂದಾಗ ಹಳೆಯ ಕಾಲುವೆಗಳ ಕಥೆ ಎರಡಾಯಿತು. ವಲ್ಲಭಾಪುರದ ಅಣೆ ಹಿನ್ನೀರಿನಲ್ಲಿ ಮುಳುಗಿತು. ಹಾಗಾಗಿ ರಾಯ, ಬಸವಣ್ಣ ಕಾಲುವೆಗಳಿಗೆ ಡ್ಯಾಮಿನಿಂದಲೇ ನೇರವಾಗಿ ನೀರು ಬಿಡುತ್ತಾರೆ. ತುರ್ತು ಅಣೆ ಇರುವುದು ಡ್ಯಾಮಿನ ಕೆಳಗೆ. ಹೊಳೆಗೆ ಬಿಟ್ಟ ನೀರನ್ನು ಅದು ಮೊದಲಿನ ಹಾಗೆಯೇ ತನ್ನ ಕಲ್ಲುಗಳಿಂದ ಹಿಡಿದು ಕಾಲುವೆಗೆ ತಿರುಗಿಸುತ್ತದೆ. ನೀರು ಡ್ಯಾಮಿನದ್ದು, ಹಿಡಿಯುವ ಕೈ ಆರುನೂರು ವರ್ಷದ್ದು. ಮೊದಲೆಲ್ಲ ಬೇಸಿಗೆಯಲ್ಲಿ ಹೊಳೆ ಒಣಗಿದರೆ ಕಾಲುವೆಯೂ ಒಣಗುತ್ತಿತ್ತು. ಈಗ ವರ್ಷಕ್ಕೆ ಹತ್ತು ಹನ್ನೊಂದು ತಿಂಗಳು ನೀರು ಸಿಗುತ್ತದೆ. ಕೃಷ್ಣಾ ನೀರು ಹಂಚಿದ ಬಚಾವತ್ ನ್ಯಾಯಮಂಡಳಿ ಕೂಡ ವಿಜಯನಗರ ಕಾಲುವೆಗಳಿಗೆ ಪಾಲು ಎತ್ತಿಟ್ಟಿತು. ಯಾವಾಗ ಬಿಡಬೇಕು, ಎಷ್ಟು ದಿನ ಬಿಡಬೇಕು ಎಂಬ ತೀರ್ಮಾನ ಈಗ ನೀರಾವರಿ ಸಲಹಾ ಸಮಿತಿಯ ಸಭೆಯಲ್ಲಿ. ಅಲ್ಲಿ ಕೂಗಾಟ ಎಷ್ಟಿರುತ್ತದೆ ಎಂದರೆ ಕೆಲವು ಸಲ ಹೊಳೆಯ ಸದ್ದೇ ವಾಸಿ.

2024ರ ಆಗಸ್ಟ್ 10ರ ರಾತ್ರಿ ಡ್ಯಾಮಿನ 19ನೇ ಗೇಟಿನ ಚೈನು ಕಡಿದು ಗೇಟೇ ಕೊಚ್ಚಿ ಹೋದಾಗ ನನಗೆ ಹತ್ತಾರು ಫೋನ್ ಬಂದವು. 'ನೋಡಿ ಸಾರ್, ರಾಯರ ಕಾಲದ್ದು ಇನ್ನೂ ಗಟ್ಟಿ, ನಮ್ಮದು ಎಪ್ಪತ್ತು ವರ್ಷಕ್ಕೇ ಹೀಗೆ' ಎಂದರು. ಈ ಹೋಲಿಕೆ ನನಗೆ ಒಪ್ಪಿಗೆಯಿಲ್ಲ. ಗೇಟೇ ಇಲ್ಲದ ಅಣೆಯಲ್ಲಿ ಗೇಟು ಮುರಿಯುವುದು ಹೇಗೆ? ಆದರೆ ದುರಸ್ತಿಯ ವಿಷಯದಲ್ಲಿ ಅವರ ಮಾತಿನಲ್ಲಿ ಹುರುಳಿದೆ. ಅಣೆಯ ಕಲ್ಲು ಜಾರಿದ್ದು ದಿನಾ ಓಡಾಡುವ ರೈತನ ಕಣ್ಣಿಗೆ ಬೀಳುತ್ತದೆ. ಚೈನು ಸವೆದದ್ದು ಹತ್ತಿ ನೋಡಿದವನಿಗೆ ಮಾತ್ರ ಕಾಣುತ್ತದೆ.

ಕಣ್ಣಿಗೆ ಬೀಳುವುದು ಎಂದರೇನು ಎಂಬುದನ್ನು ನಾನು ಕಲಿತದ್ದು ಒಂದು ತಪ್ಪಿನಿಂದ. ಕೆಲಸಕ್ಕೆ ಸೇರಿದ ಹೊಸತು. ಒಂದು ಹಳೆಯ ಕಾಲುವೆಗೆ ಅಡ್ಡವಾಗಿ ಗಾಡಿ ದಾಟುವ ಸೇತುವೆ ಕಟ್ಟಿಸುತ್ತಿದ್ದೆವು. ಕಾಲುವೆಯ ತಳಕ್ಕೆ ಕಾಂಕ್ರೀಟ್ ಹಾಕಬೇಕು. ಗುತ್ತಿಗೆದಾರರ ಕಡೆಯವರು ಅವಸರದಲ್ಲಿ ಹೂಳಿನ ಮೇಲೇ ಹಾಕಿದರು, ಹಳೆಯ ತಳದವರೆಗೆ ಅಗೆಯಲಿಲ್ಲ. ನಾನೂ ಹೋಗಿ ಮಟ್ಟ ನೋಡಲಿಲ್ಲ. ಆರು ಅಂಗುಲ ಏರಿತು ಅಷ್ಟೆ. ಮಾರನೆ ತಿಂಗಳು ಕೊನೆಭಾಗದ ರೈತರು ಕಚೇರಿಗೆ ಬಂದರು. ಅವರ ತೂಬಿಗೆ ನೀರೇ ಏರುತ್ತಿರಲಿಲ್ಲ.

ಆ ಮುದುಕ ನೀರುಗಂಟಿಯೇ ನನ್ನನ್ನು ಕಾಲುವೆ ಏರಿ ಮೇಲೆ ಕರೆದುಕೊಂಡು ಹೋದರು. ಒಣಗಿದ ಬಾಳೆ ಪಟ್ಟೆ ಒಂದು ಚೂರು ಹರಿದು ನೀರಿಗೆ ಹಾಕಿದರು. ಅದರ ಜೊತೆ ನಡೆಯುತ್ತಾ ಹೋದರು. ಸೇತುವೆ ಇನ್ನೂ ಮುನ್ನೂರು ಹೆಜ್ಜೆ ಇರುವಾಗಲೇ ಪಟ್ಟೆ ಸೋಮಾರಿಯಾಯಿತು. ಮೊದಲು ನಮಗೆ ಓಡುತ್ತಾ ಹೋಗಬೇಕಿತ್ತು, ಆಮೇಲೆ ನಿಂತು ಕಾಯಬೇಕಾಯಿತು. 'ಇಲ್ಲಿ ನೋಡ್ರಿ' ಎಂದರು. ನೀರು ಹಿಂದಕ್ಕೆ ಒತ್ತುತ್ತಿತ್ತು. ಆ ಜಾಗದಲ್ಲಿ ಏರಿಯಿಂದ ಪಕ್ಕದ ಗದ್ದೆಗೆ ಜಿನುಗು ಶುರುವಾಗಿತ್ತು, ಮಣ್ಣು ಮೆತ್ತಗಾಗಿತ್ತು. ಇನ್ನೊಂದು ವಾರ ಬಿಟ್ಟಿದ್ದರೆ ಏರಿ ಒಡೆಯುತ್ತಿತ್ತು. ಕಾಂಕ್ರೀಟ್ ಒಡೆಸಿ ತೆಗೆಸಿದೆ. ಅದರ ಕೆಳಗೆ ಹೂಳು, ಹೂಳಿನ ಕೆಳಗೆ ಹಳೆಯವರು ಹಾಸಿದ್ದ ಚಪ್ಪಡಿ ಕಲ್ಲು. ನಾನು ಇಡಬೇಕಿದ್ದ ಮಟ್ಟವನ್ನು ಅವರು ಕಲ್ಲಿನಲ್ಲೇ ಇಟ್ಟು ಹೋಗಿದ್ದರು.

ಇತ್ತೀಚಿನ ವರ್ಷಗಳಲ್ಲಿ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದಲ್ಲಿ ಈ ಕಾಲುವೆಗಳ ಆಧುನೀಕರಣ ನಡೆದಿದೆ. ಕಾಂಕ್ರೀಟ್ ಬೇಕೇ ಬೇಡವೇ ಎಂದು ನನ್ನನ್ನು ಕೇಳುತ್ತಾರೆ. ನೆಟ್ಟಗೆ ಒಂದು ಉತ್ತರ ಇಲ್ಲ. ಕೊನೆಭಾಗದ ರೈತನಿಗೆ ಕಾಂಕ್ರೀಟ್ ದೇವರು, ನೀರು ಸೋರದೆ ಅವನ ತನಕ ಬರುತ್ತದೆ. ನಡುವಿನ ತೋಟದವನಿಗೆ ಅದು ಶನಿ. ಜಿನುಗಿನಿಂದಲೇ ಅವನ ಬಾವಿ ತುಂಬುತ್ತಿತ್ತು. ಇಬ್ಬರೂ ಹೇಳುವುದು ನಿಜ. ಹಂಪಿಯ ಒಳಗೆ ಹಾದುಹೋಗುವ ಭಾಗದಲ್ಲಿ ಮಾತ್ರ ನನ್ನ ಮತ ಗಟ್ಟಿ: ಹಳೆಯ ಕಲ್ಲು ಕಟ್ಟಡ ಇರುವಲ್ಲಿ ಅದನ್ನೇ ಬಿಗಿಮಾಡಿ, ಮುಚ್ಚಿ ಬಿಳಿ ಗೋಡೆ ಎಬ್ಬಿಸಬೇಡಿ. 1986ರಲ್ಲಿ ಹಂಪಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಪ್ರವಾಸಿಗರು ನೋಡುವುದು ಕಲ್ಲಿನ ರಥವನ್ನು. ಅಲ್ಲಿ ಆರುನೂರು ವರ್ಷದಿಂದ ರಜೆ ಹಾಕದೆ ಕೆಲಸ ಮಾಡುತ್ತಿರುವುದು ಮಾತ್ರ ಈ ಕಾಲುವೆ.

ಮಕ್ಕಳು ಕೇಳಿದರೆ ಹೇಳುವುದಕ್ಕೆ ಒಂದು ಸಣ್ಣ ವಿಷಯ. ಕಮಲಾಪುರದ ಕೆಂಪು ಬಾಳೆ ಎಂದು ಪ್ರಸಿದ್ಧವಾದದ್ದು ಹಂಪಿಯ ಪಕ್ಕದ ಕಮಲಾಪುರದ್ದಲ್ಲ. ಅದು ಕಲಬುರಗಿ ಜಿಲ್ಲೆಯ ಕಮಲಾಪುರ. ಹಂಪಿಯ ಕಮಲಾಪುರದಲ್ಲಿ ಇರುವುದು ರಾಯ ಕಾಲುವೆಯ ನೀರು ತುಂಬುವ ದೊಡ್ಡ ಕೆರೆ.

ಮತ್ತೆ ಹೋದಾಗ ಉಗ್ರನರಸಿಂಹನ ಪಕ್ಕದ ಬಡವಿಲಿಂಗವನ್ನು ನೋಡಿ. ಆಳೆತ್ತರ ಮೀರಿದ ಲಿಂಗ, ಬುಡ ಸದಾ ನೀರಿನಲ್ಲಿ. ಆ ಗುಡಿಯೊಳಗೆ ಕಾಲುವೆಯ ನೀರು ಹಾಯುವಂತೆ ದಾರಿ ಮಾಡಿದ್ದಾರೆ. ಗದ್ದೆಗೆ ಹೋಗುವ ನೀರು ದಾರಿಯಲ್ಲಿ ದೇವರ ಕಾಲು ತೊಳೆದು ಹೋಗುತ್ತದೆ. ಅಲ್ಲಿಂದ ಹೊರಬಂದು ಕಾಲುವೆ ಏರಿ ಹಿಡಿದು ಸ್ವಲ್ಪ ದೂರ ನಡೆಯಿರಿ. ಮಕ್ಕಳ ಕೈಗೆ ಒಣ ಬಾಳೆ ಪಟ್ಟೆಯ ಚೂರು ಕೊಡಿ, ನೀರಿಗೆ ಬಿಟ್ಟು ಅದರ ಜೊತೆ ಓಡಲಿ. ಏರಿಯ ಅಂಚು ಜಾರುತ್ತದೆ, ಕೈ ಹಿಡಿದುಕೊಂಡಿರಿ.